ಬಿ.ಐ. ಕಂಪನಿಯ ಕರಂಜಾ ಹಡಗಿನಲ್ಲಿ ಹೋದವರು ಯಾರಾದರೂ ಇದ್ದೀರಾ?

ಅಮ್ಮತ್ತಿ_ಅಜ್ಜಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ದಕ್ಷಿಣ ಕೊಡಗಿನವಳು, ಅಮ್ಮತ್ತಿ ಹತ್ತಿರ ನಮ್ಮ ತೋಟ. ವಯಸ್ಸು 79. ಬಾಯಲ್ಲಿ ಹೇಳಿದರೆ ಫೋನೇ ಬರೆದುಕೊಳ್ಳುವ ಹಾಗೆ ಮೊಮ್ಮಗ ಮಾಡಿಕೊಟ್ಟಿದ್ದಾನೆ. ಅದು ಅರ್ಧ ತಪ್ಪು ಬರೆಯುತ್ತದೆ. ಕರಂಜಾ ಅಂದರೆ ಖರ್ಜೂರ ಅಂತ ಬರೆಯಿತು. ಕೂತು ತಿದ್ದಿದ್ದೇನೆ. ಉಳಿದ ತಪ್ಪೆಲ್ಲ ಫೋನಿನದು.

ವಿಷಯ ಏನೆಂದರೆ, ಮಳೆ ನಿಂತು ನಾಲ್ಕು ದಿನ ಒಳ್ಳೆ ಬಿಸಿಲು ಬಂತು ಅಂತ ಅಟ್ಟದ ಮೇಲಿದ್ದ ಕಪ್ಪು ಟ್ರಂಕನ್ನು ಇಳಿಸಿ ಕಣದಲ್ಲಿ ಇಟ್ಟೆವು. ಮೈಯೆಲ್ಲ ಬೂಷ್ಟು. ಒರೆಸುತ್ತಾ ಹೋದರೆ ಪಕ್ಕದಲ್ಲಿ ಒಂದು ಚೀಟಿ ಇನ್ನೂ ಅಂಟಿಕೊಂಡಿದೆ. ಅದರಲ್ಲಿ ದೊಡ್ಡ ಅಕ್ಷರದಲ್ಲಿ 'ನಾಟ್ ವಾಂಟೆಡ್ ಆನ್ ವಾಯೇಜ್'. ಸೊಸೆ ಓದಿ ನಗಲು ಶುರು ಮಾಡಿದಳು. "ಯಾರನ್ನು ಬೇಡ ಅಂದದ್ದು, ನಿಮ್ಮನ್ನಾ?" ಅಂತ ಕೇಳಿದಳು. ಅಲ್ಲ ಮಾರಾಯ್ತಿ, ದಾರಿಯಲ್ಲಿ ಈ ಪೆಟ್ಟಿಗೆ ಬೇಕಾಗುವುದಿಲ್ಲ, ಹಡಗಿನ ಹೊಟ್ಟೆಗೆ ಹಾಕಿ ಅಂತ ಅರ್ಥ. ಕ್ಯಾಬಿನ್ನಿಗೆ ಬೇಕಾದ ಪೆಟ್ಟಿಗೆಗೆ ಬೇರೆ ಚೀಟಿ.

1967ರ ಜನವರಿಯಲ್ಲಿ ನಾನು ಬೊಂಬಾಯಿಯಿಂದ ಆಫ್ರಿಕಾದ ಮೊಂಬಾಸಾಗೆ ಹೋದದ್ದು ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿಯ ಕರಂಜಾದಲ್ಲಿ. ಅಷ್ಟುದ್ದ ಹೆಸರನ್ನು ಯಾರೂ ಹೇಳುತ್ತಿರಲಿಲ್ಲ. ಬಿ.ಐ. ಅಂದರೆ ಸಾಕು. ಕರಿ ಚಿಮಣಿ, ಅದಕ್ಕೆ ಎರಡು ಬಿಳಿ ಪಟ್ಟಿ.

ನನ್ನ ಪ್ರಶ್ನೆ ಎರಡು. ಆ ಹಡಗು ದಾರಿಯಲ್ಲಿ ಸೇಶೆಲ್ಸ್ ದ್ವೀಪದಲ್ಲಿ ನಿಲ್ಲುತ್ತಿತ್ತಾ ಇಲ್ಲವಾ? ನಾನು ನಿಂತಿತ್ತು, ಇಳಿದು ಓಡಾಡಿ ಬಂದೆ ಅನ್ನುತ್ತೇನೆ. ಮೈಸೂರಿನಲ್ಲಿರುವ ನನ್ನ ತಮ್ಮ 50 ವರ್ಷದಿಂದ ಇದನ್ನು ನಂಬುತ್ತಿಲ್ಲ. ಬೊಂಬಾಯಿಯಿಂದ ಮೊಂಬಾಸಾಗೆ ನೆಟ್ಟಗೆ ಹೋಗುವುದು ಬಿಟ್ಟು ಯಾವ ಕ್ಯಾಪ್ಟನ್ ಅಷ್ಟು ದೂರ ಸುತ್ತಿಕೊಂಡು ಹೋಗುತ್ತಾನೆ, ನೀನು ಯಾವುದೋ ಕ್ಯಾಲೆಂಡರ್ ಚಿತ್ರ ನೋಡಿ ಹೇಳುತ್ತಿದ್ದೀಯ ಅನ್ನುತ್ತಾನೆ. ಎರಡನೇ ಪ್ರಶ್ನೆ, ಆ ಹಡಗು ಕೊನೆಗೆ ಏನಾಯಿತು?

ಪ್ರಶ್ನೆ ಇಷ್ಟೇ. ಆದರೆ ಬಾಯಿ ಬಿಟ್ಟ ಮೇಲೆ ಸುಮ್ನೆ ಮುಚ್ಚುವುದು ಕಷ್ಟ.

ನಮ್ಮವರು ಮೊಂಬಾಸಾದ ಒಂದು ಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ಮದುವೆಯಾದ ತಿಂಗಳಿಗೆ ಅವರು ಮೊದಲು ಹೋದರು. ನನ್ನ ಪಾಸ್‌ಪೋರ್ಟು, ಸಿಡುಬಿನ ಚುಚ್ಚುಮದ್ದು, ಹಳದಿ ಜ್ವರದ ಚುಚ್ಚುಮದ್ದು ಎಲ್ಲ ಆಗುವ ಹೊತ್ತಿಗೆ ಎಂಟು ತಿಂಗಳು ಕಳೆಯಿತು. ಕೊಡಗಿಗೆ ರೈಲು ಆಗಲೂ ಇಲ್ಲ, ಈಗಲೂ ಇಲ್ಲ. ತಿತಿಮತಿ, ಹುಣಸೂರು ದಾರಿಯಲ್ಲಿ ಮೈಸೂರಿಗೆ ಬಸ್ಸು. ಅಲ್ಲಿಂದ ಪುಣೆವರೆಗೆ ಸಣ್ಣ ಗೇಜಿನ ರೈಲು, ಪುಣೆಯಲ್ಲಿ ಇಳಿದು ದೊಡ್ಡ ಗೇಜಿನ ರೈಲು. ಟ್ರಂಕನ್ನು ಎಷ್ಟು ಸಲ ಹತ್ತಿಸಿ ಇಳಿಸಿದೆವೋ. ಜೊತೆಗೆ ಅಪ್ಪ ಬಂದಿದ್ದರು. ಅವರಿಗೂ ಬೊಂಬಾಯಿ ಹೊಸದು.

ಹಡಗು ಬಿಡುವಾಗ ಎಲ್ಲರೂ ಕೈ ಬೀಸುತ್ತಿದ್ದರು, ಅಳುತ್ತಿದ್ದರು. ಅಪ್ಪ ಕೈ ಬೀಸಲಿಲ್ಲ. ಆ ಜನರ ನಡುವೆ ನನಗೆ ಗುರುತು ಸಿಗಲಿ ಅಂತ ಕೊಡೆ ಬಿಚ್ಚಿ ಎತ್ತಿ ಹಿಡಿದು ನಿಂತಿದ್ದರು. ಜನವರಿ ತಿಂಗಳು. ಮಳೆ ಇಲ್ಲ, ಬಿಸಿಲೂ ಇಳಿದಿತ್ತು. ಕೊಡೆ ಒಂದು ಚುಕ್ಕಿ ಆಗುವವರೆಗೂ ಹಾಗೇ ಹಿಡಿದಿದ್ದರು.

ನಮ್ಮದು ಎರಡನೇ ದರ್ಜೆ, ನಾಲ್ಕು ಹೆಂಗಸರ ಕ್ಯಾಬಿನ್. ಒಬ್ಬರು ಪೋರಬಂದರಿನ ವಯಸ್ಸಾದ ಗುಜರಾತಿ ವಿಧವೆ, ಎಲ್ಲರೂ ಅವರನ್ನು ಬಾ, ಅಂದರೆ ಗುಜರಾತಿಯಲ್ಲಿ ಅಮ್ಮ, ಅನ್ನುತ್ತಿದ್ದರು. ದಾರ್-ಎಸ್-ಸಲಾಮಿನಲ್ಲಿ ಮಗನ ಅಂಗಡಿ. ನಾವು ವಿರಾಜಪೇಟೆ ಸಂತೆಗೆ ಹೋಗಿ ಬಂದ ಹಾಗೆ ಅವರು ಆ ಸಮುದ್ರ ದಾಟಿ ಬಂದವರು. ಇನ್ನೊಬ್ಬಳು ಗೋವಾದ ನರ್ಸು. ಮತ್ತೊಬ್ಬಳು ಪಂಜಾಬಿನ ಹುಡುಗಿ, ಗಂಡನನ್ನು ಫೋಟೋದಲ್ಲಿ ಮಾತ್ರ ನೋಡಿದ್ದವಳು. ಆ ಫೋಟೋವನ್ನು ನಾವು ಮೂರೂ ಜನ ದಿನಕ್ಕೆರಡು ಸಲ ನೋಡಿ ಅಭಿಪ್ರಾಯ ಹೇಳಬೇಕಿತ್ತು.

ಎರಡನೇ ದಿನವೇ ನನ್ನಿಂದ ಒಂದು ಅನಾಹುತ ಆಯಿತು. ತವರಿನಿಂದ ಕಾಚಂಪುಳಿ ಬಾಟಲಿ ಕೊಟ್ಟಿದ್ದರು. ಕೊಡಗಿನವರಲ್ಲದವರಿಗೆ ಹೇಳುತ್ತೇನೆ, ಒಂದು ಜಾತಿಯ ಪುನರ್ಪುಳಿ ಹಣ್ಣಿನ ರಸ ಬತ್ತಿಸಿದ ಕರಿ ಹುಳಿ. ಪಂದಿ ಕರಿಗೆ, ಅಂದರೆ ನಮ್ಮ ಹಂದಿ ಮಾಂಸದ ಅಡುಗೆಗೆ, ಅದಿಲ್ಲದಿದ್ದರೆ ಆಗದು. ಅದನ್ನು ಟ್ರಂಕಿನಲ್ಲಿಟ್ಟರೆ ಒಡೆದೀತು ಅಂತ ಕೈಚೀಲದಲ್ಲಿ ಇಟ್ಟು ಮೇಲಿನ ಮಂಚದ ತಲೆಗೆ ನೇತು ಹಾಕಿದ್ದೆ. ರಾತ್ರಿ ಹಡಗು ಓಲಾಡಿ ಬಿರಡೆ ಸಡಿಲವಾಯಿತು. ಕೆಳಗಿನ ಮಂಚದಲ್ಲಿ ಬಾ. ವಿಧವೆಯ ಬಿಳಿ ಸೀರೆ. ಬೆಳಿಗ್ಗೆ ನೋಡಿದರೆ ಹೆಗಲಿನಿಂದ ಸೊಂಟದವರೆಗೆ ಕಪ್ಪು ಕಲೆ, ಕ್ಯಾಬಿನ್ ತುಂಬ ಹುಳಿ ವಾಸನೆ. ನಾನು ಅಳುವುದೊಂದು ಬಾಕಿ. ಬಾ ಬೆರಳಲ್ಲಿ ಒರೆಸಿ ನೆಕ್ಕಿ ನೋಡಿದರು. "ಕೋಕಂ?" ಅಂದರು. ಆಮೇಲೆ ಮೊಂಬಾಸಾ ಬರುವವರೆಗೆ ಊಟದ ದಾಲ್‌ಗೆ ಅದನ್ನೇ ಎರಡೆರಡು ಹನಿ ಹಾಕಿಕೊಂಡರು. ನಮ್ಮವರಿಗೆ ಹೋಗಿ ಸೇರಿದ್ದು ಬಾಟಲಿಯ ಅಡಿಯ ಕಾಲು ಭಾಗ.

ಹಡಗಿನ ಕಾಫಿ ಮಾತ್ರ ಕುಡಿಯುವ ಹಾಗಿರಲಿಲ್ಲ. ಟೀ ಪರವಾಗಿಲ್ಲ. ನನ್ನ ಹತ್ತಿರ ಮನೆಯ ಪುಡಿ, ಬೆಲ್ಲ, ಸೋಸುವ ಬಟ್ಟೆ ಮೂರೂ ಇತ್ತು. ಬೆಲ್ಲದ ಕಾಫಿಗೆ ಹಾಲಿನ ರಗಳೆ ಇಲ್ಲ, ಕುದಿನೀರು ಸಿಕ್ಕರೆ ಆಯಿತು. ಕ್ಯಾಬಿನ್ ನೋಡಿಕೊಳ್ಳುತ್ತಿದ್ದ ಗೋವಾದ ಸ್ಟೂವರ್ಡನ್ನು ಕೇಳಿದೆ. ಮಾರನೇ ದಿನ ಬೆಳಿಗ್ಗೆ ಐದೂವರೆಗೆ ಬಾಗಿಲು ತಟ್ಟಿ ಜಗ್ ತುಂಬ ಕುದಿನೀರು ತಂದು ಇಟ್ಟ. ಅದರ ಮಾರನೇ ದಿನವೂ ತಂದ. ಮೂರನೇ ದಿನ ತನ್ನ ಲೋಟವನ್ನೂ ತಂದ.

ಇದನ್ನು ಓದಿ ನಿಮಗೆ ಏನೂ ಅನ್ನಿಸದೇ ಇರಬಹುದು. ನನಗೆ ಆಗ 21 ವರ್ಷ. ಹತ್ತು ವರ್ಷದವಳಿದ್ದಾಗಿನಿಂದ ಬೆಳಿಗ್ಗೆ ಎದ್ದು ಒಲೆಗೆ ಸೌದೆ ಒಡ್ಡಿ ಮನೆಯವರಿಗೆಲ್ಲ ನೀರು ಕಾಯಿಸಿದವಳು ನಾನು. ಮದುವೆಯಾದ ಮೇಲೆ ಒಲೆ ಬದಲಾಯಿತು, ಕೆಲಸ ಅದೇ. ನನಗೆ ಅಂತ ಬೇರೆಯವರು ನೀರು ಕಾಯಿಸಿ ಬಾಗಿಲಿಗೆ ತಂದುಕೊಟ್ಟದ್ದು ಅದೇ ಮೊದಲು. ಮೊದಲ ದಿನ ಅವನು ಹೋದ ಮೇಲೂ ನಾನು ಜಗ್ ಹಿಡಿದು ಹಾಗೇ ನಿಂತಿದ್ದೆನಂತೆ. ಗೋವಾದ ನರ್ಸು ಹೇಳಿ ನಗುತ್ತಿದ್ದಳು.

ಇನ್ನೊಂದು ವಿಷಯ ಗಡಿಯಾರದ್ದು. ಮೊಂಬಾಸಾ ನಮಗಿಂತ ಎರಡೂವರೆ ಗಂಟೆ ಹಿಂದೆ. ಅದನ್ನು ಒಂದೇ ಸಲ ಬದಲಾಯಿಸುವುದಿಲ್ಲ. ಇವತ್ತು ರಾತ್ರಿ ಗಡಿಯಾರವನ್ನು ಅರ್ಧ ಗಂಟೆ ಹಿಂದೆ ಹಾಕಿ ಅಂತ ಬೋರ್ಡಿನಲ್ಲಿ ಬರೆಯುತ್ತಿದ್ದರು. ಹಾಗೆ ಐದು ರಾತ್ರಿ. ನನಗಂತೂ ಬಿಟ್ಟಿ ಸಿಕ್ಕಿದ ಹಾಗೆ ಇತ್ತು. ಆ ಅರ್ಧ ಗಂಟೆಯಲ್ಲಿ ಮಾಡಲೇಬೇಕಾದ ಕೆಲಸ ಒಂದೂ ಇಲ್ಲ. ಡೆಕ್ಕಿಗೆ ಹೋಗಿ ಕಂಬಿ ಹಿಡಿದು ನಿಲ್ಲುತ್ತಿದ್ದೆ. ನನ್ನ ಎಚ್‌ಎಂಟಿ ವಾಚನ್ನು ಮಾತ್ರ ಬದಲಾಯಿಸಲಿಲ್ಲ. ಅದರಲ್ಲಿ ಊರಿನ ಗಂಟೆ ನೋಡಿ, ಈಗ ನೆಲ್ಲಕ್ಕಿಯಲ್ಲಿ (ನಮ್ಮ ನಡುಮನೆ) ದೀಪ ಹಚ್ಚಿದರು, ಈಗ ಅವ್ವ ದನ ಕಟ್ಟಿದಳು ಅಂತ ಲೆಕ್ಕ ಹಾಕುತ್ತಿದ್ದೆ.

ಈಗ ಸೇಶೆಲ್ಸ್. ನನ್ನ ನೆನಪಿನಲ್ಲಿ ಹಡಗು ದಡಕ್ಕೆ ಹೋಗಲಿಲ್ಲ, ದೂರದಲ್ಲೇ ಲಂಗರು ಹಾಕಿತು. ಸಣ್ಣ ಲಾಂಚಿನಲ್ಲಿ ಹೋದೆವು. ನೀರಿನಿಂದ ನೇರ ಎದ್ದು ನಿಂತ ಹಸಿರು ಬೆಟ್ಟ, ತುದಿಗೆ ಮೋಡ. ನಮ್ಮ ಕೊಡಗಿನ ತಡಿಯಂಡಮೋಳ್ ಬೆಟ್ಟವನ್ನು ಯಾರೋ ತಂದು ಸಮುದ್ರದಲ್ಲಿ ಇಟ್ಟ ಹಾಗೆ. ಊರಿನ ಹೆಸರು ವಿಕ್ಟೋರಿಯಾ. ನಾಲ್ಕು ರಸ್ತೆ ಸೇರುವಲ್ಲಿ ಬೆಳ್ಳಿ ಬಣ್ಣದ ಪುಟ್ಟ ಗಡಿಯಾರ ಕಂಬ. ಎರಡು ಕಾಯಿ ಜೋಡಿಸಿದ ಹಾಗಿರುವ ದೊಡ್ಡ ತೆಂಗಿನಕಾಯಿ ಮಾರುತ್ತಿದ್ದರು, ಅದನ್ನು ನೋಡಿ ಬಾ ಮುಖ ತಿರುಗಿಸಿದರು. ನೋಡಿದವರಿಗೆ ಕಾರಣ ಗೊತ್ತಿರುತ್ತದೆ. ಗಾಳಿಯಲ್ಲಿ ಚಕ್ಕೆ ವಾಸನೆ. ನಮ್ಮ ತೋಟದ ಬೇಲಿಯಲ್ಲೂ ಚಕ್ಕೆ ಮರ ಇತ್ತು, ಹಾಗಾಗಿ ಮೂಗು ಸುಳ್ಳು ಹೇಳಿರಲಿಕ್ಕಿಲ್ಲ. ಇದನ್ನೆಲ್ಲ ಕ್ಯಾಲೆಂಡರಿನಲ್ಲಿ ನೋಡಲು ಆಗುತ್ತಾ ನೀವೇ ಹೇಳಿ.

ಒಂಬತ್ತನೇ ದಿನ ಮೊಂಬಾಸಾದ ಕಿಲಿಂಡಿನಿ ಬಂದರು. ಹಡಗನ್ನು ದಡಕ್ಕೆ ಕಟ್ಟುವ ಮೊದಲೇ ಕಾಫಿ ಬೀಜದ ವಾಸನೆ. ಯುಗಾಂಡಾದಿಂದ ರೈಲಿನಲ್ಲಿ ಬಂದ ಚೀಲಗಳು ಸಾಲು ಸಾಲು. ಗೋಣಿಯ ಮೇಲೆ ಏನು ಬರೆದಿದೆ ಅಂತ ನೋಡದೆಯೇ ಇದು ರೋಬಸ್ಟಾ ಅಂದೆ. ನಮ್ಮವರನ್ನು ಎಂಟು ತಿಂಗಳ ಮೇಲೆ ನೋಡಿ ನಾನು ಮೊದಲು ಹೇಳಿದ ಮಾತು ಅದು. ಅವರು ಸಾಯುವವರೆಗೂ ಅದನ್ನು ನೆಂಟರ ಮುಂದೆ ಹೇಳಿ ಮಾನ ಕಳೆದರು.

ಗೊತ್ತಿದ್ದವರು ದಯವಿಟ್ಟು ಬರೆಯಿರಿ.

ಕೂಲ್_ಕೂರ್ಗ್:

ಅಜ್ಜಿ ಸೂಪರ್! ನಾವು ಹೋದ ವರ್ಷ ಮುಂಬೈಯಿಂದ ಗೋವಾಕ್ಕೆ ಕ್ರೂಸ್ ಹೋಗಿದ್ವಿ. ಎರಡು ರಾತ್ರಿ. ಕ್ಯಾಸಿನೋ, ಡಿಜೆ, ಮಧ್ಯರಾತ್ರಿ ಬಫೆ ಎಲ್ಲ ಇತ್ತು. ಮೂರನೇ ದಿನಕ್ಕೆ ಬೋರ್ ಆಗುತ್ತಿತ್ತೇನೋ. ಒಂಬತ್ತು ದಿನ ನೀವು ಏನು ಮಾಡಿದ್ರಿ? ನಿಮ್ಮ ಹಡಗಿನಲ್ಲಿ ಸ್ವಿಮ್ಮಿಂಗ್ ಪೂಲ್ ಇತ್ತಾ?

ಎಂಜಿನ್‌ರೂಂ_ಕಾರವಾರ:

ಅಮ್ಮಾ, ನಿಮ್ಮ ತಮ್ಮನವರಿಗೆ ಹೇಳಿ, ನೀವೇ ಸರಿ. ಕರಂಜಾ ಮತ್ತು ಅದರ ಜೊತೆಗಾರ ಕಂಪಾಲಾ ಎರಡೂ ಸೇಶೆಲ್ಸ್‌ನ ಮಾಹೆ ದ್ವೀಪದಲ್ಲಿ ನಿಲ್ಲುತ್ತಿದ್ದವು. ಅಲ್ಲಿ ವಿಮಾನ ನಿಲ್ದಾಣ ಶುರುವಾದದ್ದೇ 1971ರಲ್ಲಿ. ಅದಕ್ಕೆ ಮೊದಲು ಆ ದ್ವೀಪದವರಿಗೆ ಹೊರಗಿನ ಲೋಕ ಅಂದರೆ ಈ ಬಿ.ಐ. ಹಡಗು. ಪತ್ರ ಬರುವುದೂ ಅದರಲ್ಲೇ, ಮದುವೆ ದಿಬ್ಬಣ ಹೋಗುವುದೂ ಅದರಲ್ಲೇ. ನೀವು ನೋಡಿದ ಗಡಿಯಾರ ಕಂಬ ಲಂಡನ್ನಿನ ವಾಕ್ಸ್‌ಹಾಲ್ ಬ್ರಿಜ್ ರಸ್ತೆಯಲ್ಲಿರುವ ಕಂಬದ ಪ್ರತಿ. ಈಗಲೂ ಇದೆ.

ನಾನು ಮರ್ಚೆಂಟ್ ನೇವಿಯಲ್ಲಿ ಎಂಜಿನಿಯರ್ ಆಗಿದ್ದೆ. ಬಿ.ಐ.ನಲ್ಲಿ ಕೆಲಸ ಮಾಡಲಿಲ್ಲ, ಆದರೆ ನನಗೆ ಕೆಲಸ ಕಲಿಸಿದ ಸೀನಿಯರ್‌ಗಳು ಅಲ್ಲಿಂದ ಬಂದವರು. ಏನು ತಪ್ಪು ಮಾಡಿದರೂ "ಬಿ.ಐ.ನಲ್ಲಿ ಹೀಗೆ ಮಾಡಿದ್ದರೆ ನಿನ್ನನ್ನು ಏಡನ್‌ನಲ್ಲೇ ಇಳಿಸುತ್ತಿದ್ದರು" ಅಂತ ಶುರು. ಕಂಪನಿ ಹುಟ್ಟಿದ್ದು 1856ರಲ್ಲಿ, ಕಲ್ಕತ್ತಾ ಮತ್ತು ಬರ್ಮಾ ನಡುವೆ ಟಪಾಲು ಸಾಗಿಸಲು. ಬಿ.ಐ. ಅಂತ ಹೆಸರಾದದ್ದು 1862ರಲ್ಲಿ. 1914ರಲ್ಲಿ ಪಿ ಅಂಡ್ ಓ ಅನ್ನುವ ಇನ್ನೊಂದು ಬ್ರಿಟಿಷ್ ಹಡಗು ಕಂಪನಿ ಜೊತೆ ಸೇರಿತು, ಆದರೂ ಹೆಸರು, ಚಿಮಣಿ, ದರ್ಪ ಮೂರೂ ತನ್ನದೇ ಇಟ್ಟುಕೊಂಡಿತ್ತು. 1970ರ ದಶಕದ ಆರಂಭದಲ್ಲಿ ಪಿ ಅಂಡ್ ಓ ತನ್ನ ಕಂಪನಿಗಳನ್ನೆಲ್ಲ ಒಟ್ಟುಗೂಡಿಸಿದಾಗ ಬಿ.ಐ. ಕರಗಿಹೋಯಿತು. ಪ್ಯಾಸೆಂಜರ್ ಹಡಗುಗಳ ಹೆಸರು ಹೆಚ್ಚಾಗಿ 'ಆ' ದನಿಯಲ್ಲಿ ಮುಗಿಯುತ್ತಿತ್ತು ಗಮನಿಸಿ. ಕರಂಜಾ, ಕಂಪಾಲಾ, ದ್ವಾರಕಾ, ರಜುಲಾ, ನೆವಾಸಾ. ಕರಂಜಾ ಅಂದರೆ ಬೊಂಬಾಯಿ ಬಂದರಿನ ಆಚೆ ದಡದಲ್ಲಿ, ಉರಣ ಹತ್ತಿರ ಇರುವ ಊರು.

ನಿಮ್ಮ ಹಡಗು ಕಟ್ಟಿದ್ದು ಗ್ಲಾಸ್ಗೋದಲ್ಲಿ, 1948. ಸುಮಾರು ಹತ್ತು ಸಾವಿರ ಟನ್. ಸ್ಟೀಮ್ ಟರ್ಬೈನ್. ಡೀಸೆಲ್ ಹಡಗಿನ ಹಾಗೆ ಗುಡುಗುಡು ನಡುಗುವುದಿಲ್ಲ, ಒಂದೇ ಸಮನೆ ಗುಂಯ್ ಅನ್ನುತ್ತಿರುತ್ತದೆ. ನಿಮಗೆ ಚೆನ್ನಾಗಿ ನಿದ್ದೆ ಬಂದಿದ್ದರೆ ಅದಕ್ಕೆ ಎಂಜಿನ್‌ರೂಮಿನವರಿಗೆ ಒಂದು ನಮಸ್ಕಾರ ಹೇಳಿ. ನಮ್ಮನ್ನು ಯಾರೂ ನೆನೆಸಿಕೊಳ್ಳುವುದಿಲ್ಲ, ಎಲ್ಲರಿಗೂ ಸ್ಟೂವರ್ಡೇ ನೆನಪು.

ಏನಾಯಿತು ಅಂತ ಕೇಳಿದಿರಿ. ಕಂಪಾಲಾ 1971ರಲ್ಲೇ ಗುಜರಿಗೆ ಹೋಯಿತು. ಕರಂಜಾವನ್ನು 1976ರಲ್ಲಿ ನಮ್ಮ ಶಿಪ್ಪಿಂಗ್ ಕಾರ್ಪೊರೇಷನ್ ಕೊಂಡು ನಾನ್‌ಕೌರಿ ಅಂತ ಹೆಸರಿಟ್ಟಿತು. ನಿಕೋಬಾರಿನ ಒಂದು ದ್ವೀಪದ ಹೆಸರು ಅದು. ಅಂಡಮಾನಿಗೆ ಜನರನ್ನು ಸಾಗಿಸಿತು. 1988ರಲ್ಲಿ ಒಡೆದರು. 40 ವರ್ಷ ಅಂದರೆ ಹಡಗಿಗೆ ತುಂಬು ಆಯಸ್ಸು.

ಕೂಲ್_ಕೂರ್ಗ್ ಅವರೇ, ಬಿ.ಐ. ಕ್ರೂಸ್ ಕೂಡ ಮಾಡುತ್ತಿತ್ತು, ಡಿಜೆ ಇಲ್ಲದ ಕ್ರೂಸ್. ನೆವಾಸಾ, ಯುಗಾಂಡಾ ಅನ್ನುವ ಹಡಗುಗಳಲ್ಲಿ ಇಂಗ್ಲೆಂಡಿನ ಶಾಲಾ ಮಕ್ಕಳನ್ನು ನೂರಾರು ಸಂಖ್ಯೆಯಲ್ಲಿ ತುಂಬಿಕೊಂಡು ಮೆಡಿಟರೇನಿಯನ್ ಸುತ್ತಿಸುತ್ತಿದ್ದರು. ಹಡಗಿನಲ್ಲೇ ಪಾಠ, ಡಾರ್ಮಿಟರಿಯಲ್ಲಿ ನಿದ್ದೆ. ಆ ಯುಗಾಂಡಾವನ್ನೇ 1982ರ ಫಾಕ್‌ಲ್ಯಾಂಡ್ಸ್ ಯುದ್ಧದಲ್ಲಿ ಆಸ್ಪತ್ರೆ ಹಡಗು ಮಾಡಿದರು. ಮಕ್ಕಳನ್ನು ದಾರಿಯಲ್ಲೇ ಇಟಲಿಯ ನೇಪಲ್ಸ್‌ನಲ್ಲಿ ಇಳಿಸಿ ಹೋಯಿತು.

ಭಟ್ಕಳ_ಬಂದರು:

ನಮ್ಮ ಮನೆಯಲ್ಲಿ ಬಿ.ಐ. ಅಂದರೆ ದ್ವಾರಕಾ. ನಮ್ಮ ತಂದೆ ಹನ್ನೆರಡು ವರ್ಷ ಅದರಲ್ಲಿ ಬೊಂಬಾಯಿ, ಕರಾಚಿ, ಮಸ್ಕತ್, ದುಬೈ ಅಂತ ಓಡಾಡಿದ್ದಾರೆ. ಕ್ಯಾಬಿನ್ ಎಲ್ಲ ಕನಸು, ಅವರದ್ದು ಡೆಕ್ ಟಿಕೆಟ್. ಚಾಪೆ ಹಾಸಿದ ಜಾಗವೇ ಮನೆ. ಮೊದಲು ಹತ್ತಿದವನಿಗೆ ಒಳ್ಳೆ ಜಾಗ, ಅದಕ್ಕೇ ಏಣಿ ಮೇಲೆ ನೂಕುನುಗ್ಗಲು. ಹೋಗುವಾಗ ಚಾಪೆ ಮತ್ತು ಉಪ್ಪಿನಕಾಯಿ, ಬರುವಾಗ ಟ್ರಾನ್ಸಿಸ್ಟರ್ ಮತ್ತು ಕಂಬಳಿ.

ಅವರು ಹೇಳದೇ ಇದ್ದ ಒಂದು ಕಥೆಯೂ ಇದೆ. 1961ರ ಏಪ್ರಿಲ್ 8ರಂದು ಅದೇ ಕಂಪನಿಯ ದಾರಾ ಹಡಗು ದುಬೈ ಹತ್ತಿರ ಸ್ಫೋಟವಾಗಿ ಬೆಂಕಿ ಹತ್ತಿತು. 238 ಜನ ಸತ್ತರು. ತಂದೆ ಅದರ ನಂತರವೂ ದ್ವಾರಕಾ ಹತ್ತಿದರು, ಬೇರೆ ದಾರಿ ಏನಿತ್ತು. ಆದರೆ ಆಮೇಲೆ ಯಾವತ್ತೂ ಡೆಕ್ಕಿನ ಒಳಗೆ ಮಲಗಲಿಲ್ಲವಂತೆ. ಮಳೆ ಬಂದರೂ ಲೈಫ್‌ಬೋಟ್ ಕೆಳಗೇ ಚಾಪೆ. ಇದನ್ನು ನಮಗೆ ಹೇಳಿದ್ದು ಅಮ್ಮ. 1982ರಲ್ಲಿ ದ್ವಾರಕಾ ನಿಂತಿತು. ತಂದೆ ಅಷ್ಟರಲ್ಲಿ ವಿಮಾನಕ್ಕೆ ಬದಲಾಗಿದ್ದರು, ಆದರೂ ಆ ಸುದ್ದಿ ಬಂದ ದಿನ ಮಧ್ಯಾಹ್ನ ಊಟ ಬಿಟ್ಟರು.

ಅಮ್ಮತ್ತಿ_ಅಜ್ಜಿ:

ಕಾರವಾರದವರೇ, ನಿಮ್ಮ ಕೈಗೆ ಒಂದು ಲೋಟ ಬೆಲ್ಲದ ಕಾಫಿ ಬಾಕಿ ಇದೆ. ಬಂದು ಕುಡಿಯಿರಿ. ಎಂಜಿನ್‌ರೂಮಿನವರಿಗೆಲ್ಲ ನಮಸ್ಕಾರ. ನಿಜ, ನಿದ್ದೆ ಬಹಳ ಚೆನ್ನಾಗಿತ್ತು. ಇದನ್ನು ಪೂರ್ತಿ ತಮ್ಮನಿಗೆ ಕಳಿಸಿದ್ದೇನೆ. ನೀಲಿ ಗೆರೆ ಎರಡು ಬಂದಿದೆ, ಓದಿದ್ದಾನೆ, ಉತ್ತರ ಇಲ್ಲ.

ಭಟ್ಕಳದವರೇ, ನಿಮ್ಮ ತಂದೆಯ ಲೈಫ್‌ಬೋಟ್ ಮಾತು ಓದಿ ಸ್ವಲ್ಪ ಹೊತ್ತು ಏನೂ ತೋಚಲಿಲ್ಲ. ನಮ್ಮ ಹಡಗಿನಲ್ಲೂ ಡೆಕ್ ಜನ ಬಹಳ ಇದ್ದರು. ನಾವು ಮೇಲಿನಿಂದ ನೋಡುತ್ತಿದ್ದೆವು. ಚಾಪೆಗಳ ನಡುವೆ ಟ್ರಂಕ್ ಅಡ್ಡ ಇಟ್ಟು ಕೋಣೆ ಮಾಡಿಕೊಂಡಿರುತ್ತಿದ್ದರು, ಸಂಜೆ ಹಾರ್ಮೋನಿಯಂ. ಸತ್ಯ ಹೇಳುತ್ತೇನೆ, ನಮ್ಮ ಕ್ಯಾಬಿನ್ನಿಗಿಂತ ಅಲ್ಲಿ ನಗು ಜಾಸ್ತಿ ಕೇಳುತ್ತಿತ್ತು. ಆದರೆ ಅವರಿಗೆ ಬಾಗಿಲಿಗೆ ಬಿಸಿನೀರು ತರುವವರು ಇರಲಿಲ್ಲ ಅಲ್ವಾ. ಅದನ್ನು ನಾನು ಆಗ ಯೋಚನೆ ಮಾಡಲಿಲ್ಲ.

ಕೂಲ್_ಕೂರ್ಗ್ ಮಗಾ, ಪೂಲ್ ಕಥೆ ನನಗೆ ಗೊತ್ತಿಲ್ಲ. ಮೊದಲನೇ ದರ್ಜೆಯ ಕಡೆಗೆ ನಮ್ಮನ್ನು ಬಿಡುತ್ತಿರಲಿಲ್ಲ, ಬಿಟ್ಟಿದ್ದರೂ ಸೀರೆಯುಟ್ಟು ಯಾರು ಇಳಿಯುತ್ತಾರೆ? ಏನು ಮಾಡಿದೆವು ಅಂತ ಕೇಳಿದೆ. ಏನೂ ಮಾಡಲಿಲ್ಲ. ಅದೇ ವಿಶೇಷ. ಹಾರುವ ಮೀನು ನೋಡಿದೆವು. ಸಮಭಾಜಕ ದಾಟುವ ದಿನ ಒಬ್ಬ ಬಿಳಿ ಆಫೀಸರ್ ನಾರಿನ ಗಡ್ಡ ಕಟ್ಟಿಕೊಂಡು ಸಮುದ್ರರಾಜ ಆಗಿ ಬಂದು ಹುಡುಗರ ತಲೆಗೆ ನೊರೆ ಬಳಿದು ನೀರಲ್ಲಿ ಅದ್ದಿದ. ಬಾ ನನಗೆ ಸ್ವಾಹಿಲಿ ಕಲಿಸಿದರು. ಅಂಗಡಿಗೆ ದುಕಾ, ಗಾಡಿಗೆ ಗಾರಿ, ಚಹಾಕ್ಕೆ ಚಾಯ್. ಇಷ್ಟೇನಾ, ಇದು ನಮ್ಮದೇ ಅಲ್ವಾ ಅಂದೆ. "ಪೋಲೆ ಪೋಲೆ" ಅಂದರು. ಮೆಲ್ಲಗೆ ಮೆಲ್ಲಗೆ ಅಂತ ಅರ್ಥ.

ಸೀರೆ ಅಂದಾಗ ನೆನಪಾಯಿತು. ನಾನು ಉಟ್ಟದ್ದು ಕೊಡವ ಸೀರೆ, ನೆರಿಗೆ ಬೆನ್ನ ಹಿಂದೆ. ಮೊದಲ ದಿನ ಡೆಕ್ಕಿನಲ್ಲಿ ಇಬ್ಬರು ಗುಜರಾತಿ ಹೆಂಗಸರು ಪಾಪ, ಅವಸರದಲ್ಲಿ ತಿರುಗುಮುರುಗು ಉಟ್ಟಿದ್ದೇನೆ ಅಂತ ತಿಳಿದು ನನ್ನನ್ನು ಮೂಲೆಗೆ ಕರೆದುಕೊಂಡು ಹೋಗಿ ಸರಿ ಮಾಡಲು ನೋಡಿದರು. ಕಾವೇರಮ್ಮ ಹರಿದ ರಭಸಕ್ಕೆ ನೆರಿಗೆ ಹಿಂದೆ ಹೋದ ಕಥೆ ಹೇಳೋಣ ಅಂದರೆ ನನ್ನ ಹಿಂದಿ ಅಷ್ಟು ದೂರ ಹೋಗುತ್ತಿರಲಿಲ್ಲ. ನಮ್ಮಲ್ಲಿ ಹೀಗೇ ಅಂದೆ. ಗಾಳಿಗೆ ಅವರ ನೆರಿಗೆಯೆಲ್ಲ ಹಾರುತ್ತಿತ್ತು, ನನ್ನದು ಅಲುಗಲಿಲ್ಲ. ಮೂರನೇ ದಿನ ಅದರಲ್ಲಿ ಒಬ್ಬರು ಬಂದು ಕಲಿಸಿಕೊಡು ಅಂದರು.

ಊಟ ಹಿಂದೂಗಳಿಗೆ ಬೇರೆ, ಮುಸ್ಲಿಮರಿಗೆ ಬೇರೆ ಅಡುಗೆ. ಯಾವ ಅಡುಗೆ ಬೇಕು ಅಂತ ಕೇಳಿದಾಗ ನಾನು ಗಲಿಬಿಲಿಯಾದೆ. ಹಿಂದೂ ಅಡುಗೆಯಲ್ಲಿ ಮಾಂಸ ಇಲ್ಲ, ಮುಸ್ಲಿಂ ಅಡುಗೆಯಲ್ಲಿ ಕುರಿ ಇದೆ, ನಮ್ಮ ಹಂದಿ ಎರಡರಲ್ಲೂ ಇಲ್ಲ. ಹಿಂದೂ ಅಂದೆ. ಒಂಬತ್ತು ದಿನ ದಾಲ್, ಬಟಾಟೆ. ಮೊಂಬಾಸಾದಲ್ಲಿ ಇಳಿದು ನಮ್ಮವರನ್ನು ಎರಡನೇದಾಗಿ ಕೇಳಿದ್ದು, ಇಲ್ಲಿ ಹಂದಿ ಸಿಗುತ್ತಾ ಅಂತ.

ವಾಪಸ್ ಬಂದದ್ದು 1974ರಲ್ಲಿ. ನಮ್ಮವರ ಕೆಲಸದ ಪರ್ಮಿಟ್ ಮುಂದುವರಿಯಲಿಲ್ಲ. ಎರಡು ವರ್ಷ ಮೊದಲು ಯುಗಾಂಡಾದಲ್ಲಿ ಇದಿ ಅಮೀನ್ ಭಾರತ ಮೂಲದವರಿಗೆ 90 ದಿನ ಗಡುವು ಕೊಟ್ಟು ಹೊರಗೆ ಹಾಕಿದ್ದ. ರೈಲಿನಲ್ಲಿ ಮೊಂಬಾಸಾಗೆ ಬಂದು ಹಡಗಿಗೆ ಕಾಯುತ್ತಿದ್ದವರನ್ನು ನೋಡಿದ್ದೆವು, ಅಡುಗೆ ಮಾಡಿ ಕೊಟ್ಟಿದ್ದೆವು. ಅದರ ಮುಂದೆ ನಮ್ಮದು ಗೌರವದ ವಾಪಸಾತಿ. ಅದೇ ಕರಂಜಾ. ಜುಲೈ ತಿಂಗಳು, ಮುಂಗಾರಿನ ಸಮುದ್ರ. ಐದು ವರ್ಷದ ಮಗಳು ಕುಣಿಯುತ್ತಾ ಓಡಾಡಿದಳು, ನಾನು ಶುಂಠಿ ಕಚ್ಚಿಕೊಂಡು ಮಲಗಿದ್ದೆ. ಈ ಸಲ ಬೋರ್ಡಿನಲ್ಲಿ ಗಡಿಯಾರ ಮುಂದೆ ಹಾಕಿ ಅಂತ ಬರೆದಿತ್ತು. ಹೋಗುವಾಗ ಕೊಟ್ಟ ಅರ್ಧರ್ಧ ಗಂಟೆಯನ್ನೆಲ್ಲ ಲೆಕ್ಕ ಇಟ್ಟು ವಾಪಸ್ ತೆಗೆದುಕೊಂಡರು. ಬೊಂಬಾಯಿಯಲ್ಲಿ ಇಳಿದು ವಿಳಾಸ ಬರೆಯುವಾಗ ಕೊಡಗು, ಮೈಸೂರು ರಾಜ್ಯ ಅಂತ ಬರೆದೆ. ಗುಮಾಸ್ತ ಹೊಡೆದುಹಾಕಿ ಕರ್ನಾಟಕ ಅಂತ ತಿದ್ದಿದ. ಎಂಟು ತಿಂಗಳ ಹಿಂದೆ ಹೆಸರು ಬದಲಾಗಿತ್ತು. ಡಾಕಿನಲ್ಲಿ ತಮ್ಮ ಬಂದಿದ್ದ. ಕೊಡೆ ಎತ್ತಿ ಹಿಡಿಯುವವರು ಹಿಂದಿನ ವರ್ಷವೇ ಹೋಗಿದ್ದರು.

ಮಡಿಕೇರಿ_ಮಂಜು:

ಅಕ್ಕ, ನಿಮ್ಮ ಹಡಗಿನಲ್ಲಿ ನಾನೂ ಮಲಗಿದ್ದೇನೆ, ಬೇರೆ ಹೆಸರಿನಲ್ಲಿ! ನಾನು ಫೌಜಿನಲ್ಲಿದ್ದೆ. 1980ರಲ್ಲಿ ಪೋರ್ಟ್ ಬ್ಲೇರಿಗೆ ಪೋಸ್ಟಿಂಗ್ ಬಂತು. ಮದ್ರಾಸಿನಲ್ಲಿ ಹತ್ತಿಸಿದ್ದು ನಾನ್‌ಕೌರಿಗೆ. ನಮಗೆಲ್ಲ ಹಳೇ ಹಡಗು ಅಂತ ಬೇಜಾರು. ಮುಂಭಾಗದಲ್ಲಿ ಹೊಸ ಹೆಸರಿನ ಪಕ್ಕ ಬಣ್ಣದ ಕೆಳಗೆ ಹಳೇ ಅಕ್ಷರಗಳ ಗುರುತು ಉಬ್ಬಿಕೊಂಡು ಕಾಣುತ್ತಿತ್ತು. ಏನೆಂದು ನನಗೆ ಓದಲು ಆಗಲಿಲ್ಲ. ಒಂದು 'ಕೆ' ಮಾತ್ರ ಗೊತ್ತಾಯಿತು. ಇವತ್ತು ಉಳಿದದ್ದನ್ನು ನೀವು ಓದಿಸಿದಿರಿ.

ಒಳಗೆ ಮರದ ಕೆಲಸ ಗಟ್ಟಿ ಇತ್ತು. ಫ್ಯಾನು ಸದ್ದು ಮಾಡುತ್ತಿತ್ತು, ಜಿರಲೆ ಇತ್ತು, ಚಹಾ ಚೆನ್ನಾಗಿತ್ತು. ಮೂರನೇ ದಿನ ಬೆಳಿಗ್ಗೆ ದ್ವೀಪ ಕಂಡಿತು. ಕಾಡು ನೀರಿನವರೆಗೆ ಇಳಿದಿತ್ತು, ಮಳೆ ಸುರಿಯುತ್ತಿತ್ತು. ನನ್ನ ಪಕ್ಕದಲ್ಲಿದ್ದ ನಾಪೋಕ್ಲಿನ ಹುಡುಗ, "ಇಷ್ಟು ದೂರ ಬಂದು ಮತ್ತೆ ಭಾಗಮಂಡಲಕ್ಕೇ ಬಂದ ಹಾಗಾಯಿತಲ್ಲ" ಅಂದ.

ಆ ಟ್ರಂಕಿನ ಚೀಟಿಯ ಫೋಟೋ ಹಾಕಿ ಅಕ್ಕ. ಅಥವಾ ಯಾವಾಗಲಾದರೂ ಮಡಿಕೇರಿ ಸಂತೆಗೆ ಬಂದರೆ ತನ್ನಿ, ನೋಡಬೇಕು.

ಮೈಸೂರು_ತಮ್ಮ:

ಈ ಖಾತೆ ಮಾಡಲು ಮಗಳ ಹತ್ತಿರ ಅರ್ಧ ದಿನ ಬೈಸಿಕೊಂಡೆ. ಅಕ್ಕ ಹೇಳಿದ ತಮ್ಮ ನಾನೇ. ಸೇಶೆಲ್ಸ್‌ನಲ್ಲಿ ಹಡಗು ನಿಂತಿತ್ತು ಅಂತ ಒಪ್ಪುತ್ತೇನೆ. ಕ್ಯಾಲೆಂಡರ್ ಮಾತು ವಾಪಸ್. ಆದರೆ ಚಕ್ಕೆ ಮರ ನಮ್ಮ ತೋಟದ ಬೇಲಿಯಲ್ಲಿ ಇರಲಿಲ್ಲ, ಪಕ್ಕದವರ ಬೇಲಿಯಲ್ಲಿತ್ತು. ಗಡಿ ವಿಷಯದಲ್ಲಿ ತಪ್ಪು ಬರೆಯಬಾರದು.

ಇನ್ನೊಂದು. ಕಾಚಂಪುಳಿ ಬಾಟಲಿ ಕಟ್ಟಿದ್ದು ಅವ್ವ ಅಂತ ಅಕ್ಕ ಇಷ್ಟು ವರ್ಷ ತಿಳಿದಿದ್ದಾಳೆ. ಅವ್ವ ಅರಗು ಹಾಕಿ ಮುಚ್ಚು ಅಂತ ನನಗೆ ಹೇಳಿದ್ದಳು. ನನಗೆ ಆಗ 17. ಅರಗು ಕಾಯಿಸುವ ಬದಲು ಬಿರಡೆಗೆ ಬಟ್ಟೆ ಸುತ್ತಿ ಒತ್ತಿ ಕೊಟ್ಟೆ, ಗೆಳೆಯರು ಹಾಕಿ ಆಟಕ್ಕೆ ಕಾಯುತ್ತಿದ್ದರು. 

ಅಮ್ಮತ್ತಿ_ಅಜ್ಜಿ:

ನೋಡಿದಿರಾ! ಆ ಸೀರೆಯ ಕಲೆಗೆ ನಾನು ಅವ್ವನನ್ನು ಎಷ್ಟು ಬೈದಿದ್ದೆ ಮನಸ್ಸಿನಲ್ಲಿ. ಮೊಂಬಾಸಾದಿಂದ ಬರೆದ ಮೊದಲ ಕಾಗದದಲ್ಲೇ ಬರೆದಿದ್ದೆ, ಬಾಟಲಿ ಸರಿಯಾಗಿ ಮುಚ್ಚಲು ನಿನಗೆ ಬರುವುದಿಲ್ಲವಾ ಅಂತ. ಅವ್ವನಿಗೆ ಓದಲು ಬರುತ್ತಿರಲಿಲ್ಲ. ಕಾಗದ ಓದಿ ಹೇಳುತ್ತಿದ್ದವನು ಇವನೇ. ಆ ಸಾಲು ಓದಿದ್ದೆಯೋ, ಹಾರಿಸಿದ್ದೆಯೋ, ಈಗಲಾದರೂ ಹೇಳು.

ಮಡಿಕೇರಿಯವರೇ, ಮುಂದಿನ ಶುಕ್ರವಾರ ಸಂತೆಗೆ ಬರುತ್ತೇನೆ. ಚೀಟಿ ಟ್ರಂಕಿನಿಂದ ಬಿಡುತ್ತಿಲ್ಲ, ಬಿಸಿನೀರು ಹಾಕಿ ನೋಡಿದೆ, ಅಂಚು ಹರಿಯಲು ಶುರುವಾಯಿತು, ನಿಲ್ಲಿಸಿದೆ. ಟ್ರಂಕನ್ನೇ ಜೀಪಿಗೆ ಹಾಕಿಸಿಕೊಂಡು ಬರುತ್ತೇನೆ. ಹೇಗೂ ಕಿತ್ತಳೆ ತುಂಬಲು ಏನಾದರೂ ಬೇಕು.